ಮತ್ತಿಕೆರೆಗೆ ಉಸಿರು ಕಲಿಸಿದ ದಾನವ್ವ

ನಮ್ಮ ವಠಾರದ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಕಡೆಯಿಂದ, ಒಂದು ಬೆಳಗಿನ ಜಾವ ಕಮ್ಮಾರನ ತಿದಿ ಒತ್ತಿದ ಹಾಗೆ ಸದ್ದು ಕೇಳಿಸಿತು. ಬುಸ್, ಬುಸ್, ಬುಸ್ ಎಂದು ಒಂದೇ ಸಮ. ಆಗ ಮತ್ತಿಕೆರೆಯಲ್ಲಿ ಕಮ್ಮಾರರ ಮನೆ ಇದ್ದದ್ದು ಊರಿನ ಆ ತುದಿಗೆ. ಇಲ್ಲಿ ಯಾರು ಕುಲುಮೆ ಹೂಡಿದರು ಎಂದು ಬಿಂದಿಗೆ ಹಿಡಿದುಕೊಂಡೇ ಹೋಗಿ ನೋಡಿದೆ. ಕುಲುಮೆ ಇಲ್ಲ, ತಿದಿ ಇಲ್ಲ. ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು ಗೋಣಿತಾಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಬೆನ್ನು ನೆಟ್ಟಗೆ ಮಾಡಿ, ಮೂಗಿನಿಂದ ಆ ಸದ್ದು ಹೊರಡಿಸುತ್ತಿದ್ದಳು. ಹೊಟ್ಟೆ ಒಳಕ್ಕೆ ಹೊರಕ್ಕೆ ಹೊಡೆದುಕೊಳ್ಳುತ್ತಿತ್ತು. ಮುಖ ಮಾತ್ರ ಮಲಗಿದ ಮಗುವಿನ ಮುಖದ ಹಾಗಿತ್ತು.

"ಯಾಕಮ್ಮ, ಮೈಗೆ ಉಸಾರಿಲ್ವಾ?" ಎಂದೆ.

ಅವಳು ಒಂದು ಕಣ್ಣು ಮಾತ್ರ ತೆರೆದಳು. "ಮೈ ಚಲೋ ಐತ್ರೀ ಅಕ್ಕಾರ. ಅದಕ್ಕ ಮಾಡಾಕತ್ತೀನಿ."

ಅವಳೇ ದಾನವ್ವ. ಎಪ್ಪತ್ತೇಳನೆಯ ಇಸವಿಯ ಮಾತು ಇದು. ಗದಗದ ಕಡೆಯ ಹಳ್ಳಿಯವಳು. ಗಂಡ ವೀರಬಸಪ್ಪನಿಗೆ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಸಿಕ್ಕಿ ಇಬ್ಬರೂ ನಮ್ಮ ವಠಾರಕ್ಕೆ ಬಂದಿದ್ದರು. ಕೊರಳಲ್ಲಿ ಲಿಂಗ, ಮೈಮೇಲೆ ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ಚಿಕ್ಕಂದಿನಲ್ಲಿ ಅವಳಿಗೆ ದಮ್ಮು ಇತ್ತಂತೆ. ಮಳೆ ಮೋಡ ಕಂಡರೆ ಸಾಕು, ಗೋಡೆ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳಂತೆ. ಅವರೂರ ಮಠದ ಅಜ್ಜ ಅವಳನ್ನು ಎದುರಿಗೆ ಕೂರಿಸಿಕೊಂಡು ಉಸಿರಾಡುವುದನ್ನು ಮೊದಲಿನಿಂದ ಕಲಿಸಿದರು. ದಮ್ಮು ಹೋಯಿತು. ಕಲಿತದ್ದು ಉಳಿಯಿತು.

ನನ್ನ ಯಜಮಾನರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಲಗಿದರೆ ನಿದ್ದೆ ಇಲ್ಲ, ಎದ್ದರೆ ಕೆಲಸ ಇಲ್ಲ. ದಾನವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಉಸರು ಒಳಗ ಹೊಂಟೈತಿ, ನೋಡ್ರಿ. ಹೊರಗ ಬರಾಕತ್ತೈತಿ, ನೋಡ್ರಿ. ಮತ್ತೇನೂ ಮಾಡಬ್ಯಾಡ್ರಿ" ಎಂದಳು. ಇದೇನು ಮಹಾ ವಿದ್ಯೆ ಎಂದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ನನ್ನ ಹಲ್ಲುಗಳು ಒಂದನ್ನೊಂದು ಕಚ್ಚಿ ಹಿಡಿದಿರುವುದು ಗೊತ್ತಾಯಿತು. ಎಷ್ಟು ದಿನದಿಂದ ಹಾಗೆ ಕಚ್ಚಿಕೊಂಡಿದ್ದೆನೋ. ದವಡೆ ಸಡಿಲ ಬಿಟ್ಟೆ. ಅಷ್ಟಕ್ಕೇ ನನಗೆ ಆದ ಖುಷಿ ಹೇಳತೀರದು. ನನ್ನ ಬಾಯೊಳಗೆ ನಡೆಯುತ್ತಿದ್ದದ್ದು ನನಗೇ ಗೊತ್ತಿರಲಿಲ್ಲವಲ್ಲ ಎಂದು ಅವತ್ತು ವಠಾರದ ಎಲ್ಲ ಬಾಗಿಲಿಗೂ ಹೋಗಿ ಹೇಳಿದೆ.

ಹೀಗೆ ಒಬ್ಬೊಬ್ಬರಾಗಿ ಸೇರಿದೆವು. ಒಗೆಯುವ ಕಲ್ಲಿನ ಹತ್ತಿರ ಜಾಗ ಸಾಲದಾಯಿತು. ವಠಾರದ ಮಾಲೀಕರು ರಾಮಕೃಷ್ಣಪ್ಪನವರು, ಊರಿನ ಹಿರಿಯರು, ಊರ ವರಸೆಯಲ್ಲಿ ನನಗೆ ಭಾವ. ಅವರ ಹೆಂಡತಿ ಅಕ್ಕಯ್ಯಮ್ಮನವರೂ ನಮ್ಮ ಜೊತೆ ಕೂರಲು ಆಸೆಪಟ್ಟರು. ಅವರು ಗಂಡನನ್ನು ಕೇಳಿಕೊಂಡದ್ದರಿಂದ ಗ್ರಾಮದೇವತೆ ಸಪ್ಲಮ್ಮನ ಗುಡಿಯ ಪಕ್ಕದ ಭಜನೆ ಮನೆಯ ಬೀಗದ ಕೈ ನಮಗೆ ಬೆಳಗಿನ ಹೊತ್ತು ಸಿಕ್ಕಿತು. ಗುಡಿ ಊರಿನದು, ಭಜನೆ ಮನೆ ಮಾತ್ರ ರಾಮಕೃಷ್ಣಪ್ಪನವರ ತಂದೆ ಕಟ್ಟಿಸಿದ್ದು.

ಆ ಬೆಳಗುಗಳನ್ನು ನೆನೆದರೆ ಈಗಲೂ ಕಾಲು ನಿಲ್ಲುವುದಿಲ್ಲ. ಗಂಡಸರು ಮೊದಲ ಪಾಳಿಗೆ ಹೊರಟ ಕೂಡಲೇ ನಾವು ಗೋಣಿತಾಟು ಸುತ್ತಿಕೊಂಡು ಓಡುವುದು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ನಾಟಿ ಹಾಕಲು ಗದ್ದೆಗೆ ಇಳಿಯುವಾಗ ಎತ್ತಿ ಕಟ್ಟುತ್ತಿದ್ದೆವಲ್ಲ, ಹಾಗೆ ಸೀರೆ ಎತ್ತಿ ಕಟ್ಟುವುದು. ಬಾಗಿಲು ಹಾಕದೆ ಅದು ಆಗುವ ಕೆಲಸವಲ್ಲ. ದಾನವ್ವ ಆಸನಗಳಿಗೆ ದೊಡ್ಡ ದೊಡ್ಡ ಹೆಸರು ಹೇಳುತ್ತಿರಲಿಲ್ಲ. ಹಾವು ಅನ್ನುವಳು, ಕಪ್ಪೆ ಅನ್ನುವಳು, ಬಿಲ್ಲು ಅನ್ನುವಳು. ಕುಕ್ಕರುಗಾಲಲ್ಲಿ ಕೂರುವುದು ನಮಗೆ ಕಲಿಸಬೇಕಾಗಿರಲಿಲ್ಲ. ಗಂಗಾದೇವಿ ಎಂಬ ಬಿಜಾಪುರದ ಹುಡುಗಿ, ಕಾಲೇಜಿನ ಗುಮಾಸ್ತರೊಬ್ಬರ ಹೆಂಡತಿ, ಮಾತ್ರ ಹಾಗೆ ಕೂರಲು ಹೋಗಿ ಹಿಂದಕ್ಕೆ ಉರುಳಿ ಬೀಳುತ್ತಿದ್ದಳು.

"ನೋಡ್ರಿ, ನಿಮ್ಮ ಕಪ್ಪಿ ಬಾವ್ಯಾಗ ಬಿತ್ತು" ಎಂದು ಬಿದ್ದಲ್ಲಿಂದಲೇ ಹೇಳುತ್ತಿದ್ದಳು.

ಮೈ ಬಗ್ಗಿಸಿದ್ದಾದ ಮೇಲೆ ಉಸಿರು. ಉಸಿರಾದ ಮೇಲೆ ಸುಮ್ಮನೆ ಕೂರುವುದು. ದಾನವ್ವನಿಗೆ ಮುಖ್ಯವಾದದ್ದು ಕೊನೆಯದೇ. "ಮೈ ಬಗ್ಗೂದು ದೊಡ್ಡದಲ್ರವ್ವಾ. ಸರ್ಕಸ್‌ನ್ಯಾಗಿನ ಹುಡುಗ್ರೂ ಬಗ್ಗತಾವ. ಕಣ್ ಮುಚ್ಚಿದ ಮ್ಯಾಲ ಏನ್ ಬರತೈತಿ ಅದನ್ನ ನೋಡ್ರಿ. ಸಿಟ್ ಬಂದ್ರ ಸಿಟ್ ನೋಡ್ರಿ. ಹಸಿವಿ ಬಂದ್ರ ಹಸಿವಿ ನೋಡ್ರಿ. ಬೈಬ್ಯಾಡ್ರಿ, ಓಡಿಸಬ್ಯಾಡ್ರಿ."

"ಅತ್ತಿ ಬಂದ್ರ?" ಎಂದಳು ಗಂಗಾದೇವಿ.

"ಅತ್ತೀನೂ ನೋಡು. ಕಣ್ ತಗದ್ ನೋಡೂದಕ್ಕಿಂತ ಮುಚ್ಚಿ ನೋಡೂದು ಹಗರ."

ನಗುತ್ತಿದ್ದೆವು, ಆದರೆ ನೋಡುತ್ತಿದ್ದೆವು. ಗಂಗಾದೇವಿಗೆ ತಾನು ಗಂಡನ ಮೇಲೆ ರೇಗುವುದೆಲ್ಲ ತವರಿನ ನೆನಪು ಬಂದಾಗ ಎಂದು ಒಂದು ದಿನ ಗೊತ್ತಾಗಿಬಿಟ್ಟಿತು. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು, ಕಳೆದುಹೋದ ಓಲೆ ಸಿಕ್ಕಿದ ಹಾಗೆ.

ಊರಿನ ಗಂಡಸರಿಗೆ ಮಾತ್ರ ಆ ಮುಚ್ಚಿದ ಬಾಗಿಲು ಕಣ್ಣಿಗೆ ಚುಚ್ಚುತ್ತಿತ್ತು. ಒಳಗೆ ಏನು ಮಾಡುತ್ತಾರೆ, ಬುಸ್ ಬುಸ್ ಎಂದು ಸದ್ದು ಬರುತ್ತದಲ್ಲ, ಭಜನೆಯೂ ಇಲ್ಲ ಪೂಜೆಯೂ ಇಲ್ಲ ಎಂದು ರಾಮಕೃಷ್ಣಪ್ಪನವರ ಕಿವಿಗೆ ಊದಿದರು. ಅವರು ಒಂದು ದಿನ ದಾನವ್ವನನ್ನು ಕರೆದು, "ನೋಡಮ್ಮ, ಶ್ರಾವಣ ಕಳೀಲಿ. ಆಮೇಲೆ ಬೀಗದ ಕೈ ವಾಪಸ್ ಕೊಟ್ಬುಡು. ಜನ ಬಾಯಿಗ್ ಬಂದಂಗ್ ಮಾತಾಡ್ತವ್ರೆ" ಎಂದರು. ದಾನವ್ವ ತಲೆಯಾಡಿಸಿ ಬಂದಳು. ಬೇರೆ ಜಾಗ ಇರಲಿಲ್ಲ. ಇಷ್ಟು ಹೆಂಗಸರಿಗೆ ಬಾಗಿಲು ಹಾಕಿ ಕೂರಲು ಜಾಗ ಕೊಡುವವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ.

ಎಪ್ಪತ್ತೊಂಬತ್ತರ ಶ್ರಾವಣ. ಶುಕ್ರವಾರ. ಅಕ್ಕಯ್ಯಮ್ಮನವರು ಹಿಂದಿನ ದಿನದಿಂದ ಉಪವಾಸವಿದ್ದರು. ಅವತ್ತು ತಿದಿಯ ಉಸಿರು ಮಾಡುವಾಗ ದಾನವ್ವ ನಿಲ್ಲಿಸಿ ಎಂದಳು, ನಾವೆಲ್ಲ ನಿಲ್ಲಿಸಿದೆವು. ಅಕ್ಕಯ್ಯಮ್ಮನವರು ನಿಲ್ಲಿಸಲಿಲ್ಲ. ಕೊನೆಯ ದಿನಗಳು ಎಂದು ಅವರಿಗೂ ಗೊತ್ತಿತ್ತಲ್ಲ, ಇನ್ನೂ ಇನ್ನೂ ಎಂದು ಒತ್ತುತ್ತಲೇ ಹೋದರು. ನೋಡನೋಡುತ್ತ ಅವರ ಕೈಬೆರಳು ಒಳಕ್ಕೆ ಸೊಟ್ಟಗಾದವು. ತುಟಿ ನಡುಗಿತು. ಮೈ ಎಲ್ಲ ಗಾಳಿಗೆ ಸಿಕ್ಕ ಬಾಳೆಲೆಯ ಹಾಗೆ ಅದುರಿತು. ಜಡೆ ಬಿಚ್ಚಿಕೊಂಡಿತು. ಗಂಟಲಿನಿಂದ ಒಂದು ಕೂಗು ಬಂತು, ನಾವು ಯಾರೂ ಅವರ ಬಾಯಿಂದ ಕೇಳಿರದ ಕೂಗು.

"ಅಮ್ಮ ಬಂದವ್ಳೆ" ಎಂದು ಯಾರೋ ಹೇಳಿದರು. ಅಷ್ಟೇ ಸಾಕಾಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಮಕೃಷ್ಣಪ್ಪನವರ ತಾಯಿಯ ಮೈಮೇಲೆ ಸಪ್ಲಮ್ಮ ಬರುತ್ತಿದ್ದಳು. ಆ ಮನೆಯ ಮರ್ಯಾದೆಯೇ ಅದು. ಮದುವೆ ಗೊತ್ತು ಮಾಡಲು, ಬಾವಿ ತೋಡಲು, ಜನ ಅವರ ಜಗಲಿಗೆ ಬಂದು ಅಮ್ಮನನ್ನು ಕೇಳುತ್ತಿದ್ದರು. ಆ ಮುದುಕಿ ಸತ್ತ ಮೇಲೆ ಅಮ್ಮ ಆ ಮನೆಯಲ್ಲಿ ಯಾರ ಮೈಮೇಲೂ ಬಂದಿರಲಿಲ್ಲ. ಯಾವಾಗ ಬರುತ್ತಾಳೋ, ಯಾರ ಮೇಲೆ ಬರುತ್ತಾಳೋ ಎಂದು ಊರೇ ಕಾಯುತ್ತಿತ್ತು. ಹೀಗಿರುವಾಗ ಆ ಮನೆಯ ಸೊಸೆ, ಶ್ರಾವಣ ಶುಕ್ರವಾರ, ಉಪವಾಸವಿದ್ದು, ಅಮ್ಮನ ಗುಡಿಯ ಪಕ್ಕದಲ್ಲೇ ನಡುಗಿದರೆ ಬೇರೆ ಏನೆಂದುಕೊಳ್ಳುತ್ತಾರೆ?

ಬಾಗಿಲು ತೆರೆದರು. ನಾವು ಸೀರೆ ಇಳಿಸಿಕೊಳ್ಳುವಷ್ಟರಲ್ಲಿ ಅರ್ಧ ಊರು ಒಳಗೆ. ರಾಮಕೃಷ್ಣಪ್ಪನವರು ಕ್ಷೌರ ಮಾಡಿಸಿಕೊಳ್ಳುತ್ತಿದ್ದವರು ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡೇ ಓಡಿ ಬಂದರು. ಬಂದವರು ಹೆಂಡತಿಯ ಕಾಲಿಗೆ ಅಡ್ಡ ಬಿದ್ದರು. ಅವರ ಗಲ್ಲದ ನೊರೆ ಅಕ್ಕಯ್ಯಮ್ಮನವರ ಪಾದಕ್ಕೆ ಹತ್ತಿತು.

"ಯಾರವ್ವ ತಾಯಿ? ಏಳವ್ವ, ಯಾರು ಬಂದಿರೋದು?" ಎಂದು ಕೇಳಿದರು. ಅದಕ್ಕೆ ಉತ್ತರ ಬರುವ ಮೊದಲೇ ಅಕ್ಕಯ್ಯಮ್ಮನವರು ಒರಗಿಬಿಟ್ಟರು. ದಾನವ್ವ ಜನರನ್ನು ಮೊಣಕೈಯಿಂದ ತಳ್ಳಿ ನಡುವೆ ನುಗ್ಗಿ, ಅವರನ್ನು ಮಲಗಿಸಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು. ಬೆರಳು ಒಂದೊಂದಾಗಿ ಬಿಡಿಸಿಕೊಂಡವು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಮೈಮೇಲೆ ಬಂದದ್ದು ತನ್ನ ಹೆಸರು ತಾನೇ ಹೇಳಬೇಕು. ಹೆಸರು ಹೇಳದಿದ್ದರೆ ದೇವರೆಂದು ಪೀಠ ಕೊಡುವುದಿಲ್ಲ. ಗುಡಿಯ ಪೂಜಾರಿ ಬ್ಯಾಟರಾಯಪ್ಪನವರು ಮುಂದಿನ ಶುಕ್ರವಾರ ಹೆಸರು ಕೇಳೋಣ ಎಂದು ಹೇಳಿದರು. ಯಾರು, ಎಲ್ಲಿಂದ ಬಂದೆ, ಏನು ಬೇಕು, ಈ ಮೂರು ಕೇಳುವುದು. ಕೇಳಿದ್ದಕ್ಕೆ ಸರಿಯಾಗಿ ಹೇಳಿದರೆ ಅಮ್ಮನೇ ಎಂದು ತೀರ್ಮಾನ.

ಆ ವಾರ ಮತ್ತಿಕೆರೆಯಲ್ಲಿ ಬೇರೆ ಮಾತಿಲ್ಲ. ಕೊಳಾಯಿ ಹತ್ತಿರ ಅದೇ, ಹಿಟ್ಟಿನ ಗಿರಣಿಯಲ್ಲಿ ಅದೇ. ಬುಸ್ ಬುಸ್ ಸದ್ದಿಗೆ ಮೂಗು ಮುರಿಯುತ್ತಿದ್ದವರೆಲ್ಲ ದಾನವ್ವ ಎದುರು ಬಂದರೆ ಕೈ ಮುಗಿಯುತ್ತಿದ್ದರು. ಅಮ್ಮನನ್ನು ಕರೆಸಿದವಳು ಇವಳೇ ಅಲ್ಲವೇ. ಅಬ್ಬಿಗೆರೆಯಿಂದ ಒಬ್ಬರು ಗಾಡಿ ಕಟ್ಟಿಕೊಂಡು ಬಂದು, ನಮ್ಮ ಸೊಸೆ ಮೇಲೂ ಸ್ವಲ್ಪ ಕರೆಸಿಕೊಡಿ ಎಂದು ಕೇಳಿದರು.

ರಾಮಕೃಷ್ಣಪ್ಪನವರು ಸ್ವತಃ ವಠಾರಕ್ಕೆ ಬಂದರು. ದಾನವ್ವನ ಮನೆಯ ಹೊಸ್ತಿಲ ಆಚೆ ನಿಂತು, "ತಾಯಿ, ಭಜನೆ ಮನೆ ಇನ್ಮೇಲೆ ನಿಮ್ದೇ ಅನ್ಕೊಳಿ. ನೆಲಕ್ಕೆ ಕಡಪ ಕಲ್ ಆಕುಸ್ತೀನಿ, ಫ್ಯಾನ್ ಆಕುಸ್ತೀನಿ. ಮಂಗಳವಾರ ಶುಕ್ರವಾರ ಬಾಗ್ಲು ತಗ್ದಿರ್ಬೇಕು, ಜನ ಬರ್ತಾರೆ. ನೀವು ಆ ಉಸಿರು ಮಾಡಿಸ್ಬೇಕು, ಅಮ್ಮ ಬರ್ಬೇಕು. ಅಷ್ಟೇಯ" ಎಂದರು.

"ಅವ್ವ ಬರದಿದ್ರರೀ ಮಾಲಕರ?"

"ಬತ್ತಾಳೆ ಬತ್ತಾಳೆ. ಬರ್ದಿದ್ರೆ ಆ ಜಾಗ ಇಟ್ಕೊಂಡ್ ಏನ್ ಮಾಡಾದು?"

ಅವರು ಹೋದ ಮೇಲೆ ವೀರಬಸಪ್ಪ ಹೆಂಡತಿಗೆ ಬುದ್ಧಿ ಹೇಳಿದ. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. "ಹೂಂ ಅಂದ್ರ ನಿಂದೇನ್ ಹೋಗತೈತಿ? ಜಾಗಾ ಬೇಕಂದಿ, ಜಾಗಾ ಬಂತು. ಫ್ಯಾನ್ ಬ್ಯಾರೆ."

"ಬಾಗಲಾ ತಗದ್ರ ಇವರು ಸೀರಿ ಹ್ಯಾಂಗ ಎತ್ತಿ ಕಟ್ಟಬೇಕು?"

"ಆ ಎರಡ ದಿನಾ ಬಿಡು, ಉಳದ ದಿನಾ ಮಾಡ್ರಿ."

"ಮಾಲಕರ ಮನಿ ಅಕ್ಕಾರನ್ನ ಎರಡ ದಿನಾ ನಡುಗಿಸಿ, ಉಳದ ದಿನಾ ನಿಮ್ಮನ್ನ ನೀವು ನೋಡಕೋರಿ ಅಂತ ಹ್ಯಾಂಗ ಹೇಳ್ಲಿ? ನನ್ನ ಮಾತ ಯಾರ್ ನಂಬತಾರ?"

ವೀರಬಸಪ್ಪ, "ನಿನ್ನ ಅಜ್ಜ ನಿನಗ ಎಲ್ಲಾ ಕಲಿಸಿದ, ಸುಮ್ನಿರೂದೊಂದ ಕಲಿಸಲಿಲ್ಲ" ಎಂದು ಟಿಫನ್ ಕ್ಯಾರಿಯರ್ ತೆಗೆದುಕೊಂಡು ಪಾಳಿಗೆ ಹೋದ.

ದಾನವ್ವ ನನ್ನನ್ನು ಕರೆದುಕೊಂಡು ಅಕ್ಕಯ್ಯಮ್ಮನವರನ್ನು ನೋಡಲು ಹೋದಳು. ಅವರು ಹಿತ್ತಿಲಲ್ಲಿ ಅಲಸಂದೆಕಾಯಿ ಸುಲಿಯುತ್ತ ಕೂತಿದ್ದರು. ಯಾರೋ ಹಾಕಿದ ಹೂವಿನ ಹಾರ ಮೊರದ ಪಕ್ಕದಲ್ಲಿತ್ತು. ಕಣ್ಣು ಹೊಳೆಯುತ್ತಿತ್ತು. ಇಷ್ಟು ವರ್ಷದಲ್ಲಿ ಅವರನ್ನು ಹಾಗೆ ಕಂಡಿರಲಿಲ್ಲ.

"ಅಕ್ಕಾರ, ಒಂದ್ ಮಾತ ಹೇಳತೀನಿ, ತಪ್ಪು ತಿಳಕೋಬ್ಯಾಡ್ರಿ" ಎಂದಳು ದಾನವ್ವ. "ಖಾಲಿ ಹೊಟ್ಟಿಲೆ ಆ ಉಸರು ಭಾಳ ಮಾಡಿದ್ರ ಕೈ ಜುಂ ಅಂತಾವ, ಬೆರಳು ಸೊಟ್ಟ ಆಗತಾವ. ನನಗೂ ಸಣ್ಣಾಕಿದ್ದಾಗ ಆಗಿತ್ತು."

"ಅಂಗಾದ್ರೆ ಅಮ್ಮ ಅಲ್ವಾ?"

"ಅದನ್ನ ನಾ ಹ್ಯಾಂಗ ಹೇಳ್ಲಿ? ನಾ ಹೊರಗಿದ್ದೆ. ಒಳಗಿದ್ದಾಕಿ ನೀವು."

ಅಕ್ಕಯ್ಯಮ್ಮನವರು ಬಹಳ ಹೊತ್ತು ಕಾಯಿ ಸುಲಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: "ನಂಗೊತ್ತಿಲ್ಲ ಕಣಮ್ಮಿ. ತಲೆ ದಿಮ್ ಅಂತು. ಕಣ್ ಬುಟ್ರೆ ಅವ್ರು ಕಾಲ್ ತಾವ ಅವ್ರೆ. ಮದ್ವೆ ಆಗಿ ಬಂದಾಗಿಂದ ಉಂಡ್ಯಾ ಅಂತ ಕೇಳ್ದೋರಲ್ಲ. ಈ ವಾರ ನನ್ ಮಕ ನೋಡಿ ಮಾತಾಡ್ತವ್ರೆ. ದಿನಾ ನಾಕು ಜನ ಬಂದು ಏನವ್ವ ಮಾಡಾದು ಅಂತ ಕೇಳ್ತಾರೆ. ಈಗ ಅಮ್ಮ ಅಲ್ಲ ಅಂದ್ರೆ ನಾನು ಪುನಃ ಒಲೆ ಮುಂದೆ ಕುಂತ್ಕೋಬೇಕು." ದಾನವ್ವನ ಕಡೆ ನೋಡಿ, "ಅಮ್ಮ ಅಂದ್ರೆ ನಿನ್ ಜಾಗ ಉಳೀತದೆ. ನಂಗೂ ಒಳ್ಳೇದು, ನಿಂಗೂ ಒಳ್ಳೇದು. ಏನಂತೀಯ ದಾನವ್ವ?"

ದಾನವ್ವ ಮೊರದಿಂದ ಒಂದು ಕಾಯಿ ತೆಗೆದು ತಾನೂ ಸುಲಿದಳು. ಹೂಂ ಎಂದರೆ ಎಲ್ಲ ಸಿಕ್ಕುತ್ತಿತ್ತು. "ನಿಜವಾಗಿ ಅವ್ವ ಬಂದ್ರ ನಾ ನಿಮ್ಮ ಕಾಲಿಗೆ ಮದ್ಲ ಬೀಳಾಕಿ" ಎಂದಳು. "ಬರದಿದ್ರ ಬಂದಾಳ ಅನಬ್ಯಾಡ್ರಿ. ಜಾಗಾ ಹೋದ್ರ ಹೋಗವಲ್ದ್ಯಾಕ. ಒಳಗ ನೋಡ್ರಿ, ಯಾರ್ ಅದಾರ ಅವರ ಹೆಸರ ಹೇಳ್ರಿ."

ವಠಾರಕ್ಕೆ ಬರುವ ದಾರಿಯಲ್ಲಿ ಅವಳು ನನ್ನ ಕೈ ಹಿಡಿದುಕೊಂಡಳು. "ನಾರಾಯಣಕ್ಕ, ಎದಿ ಹೊಡಕೊಳ್ಳಾಕತ್ತೈತಿ" ಎಂದಳು. "ಇದನ್ನೂ ನೋಡಬೇಕು, ಏನ್ ಮಾಡೂದು" ಎಂದು ತಾನೇ ನಕ್ಕಳು.

ಶುಕ್ರವಾರ ಬಂತು. ಬೆಳಗಾಗುವುದರೊಳಗೆ ಭಜನೆ ಮನೆಯ ಮುಂದೆ ತಮಟೆ ಶುರು. ಬಾಗಿಲಿಗೆ ಬೇವಿನ ಸೊಪ್ಪು, ಒಳಗೆ ಅರಿಶಿನ ನೀರು, ನಿಂಬೆಹಣ್ಣು, ಹೊಸ ಹಳದಿ ಸೀರೆ. ಗಂಡಸರು ಕಿಟಕಿಗಳಿಗೆ ಜೋತುಬಿದ್ದಿದ್ದರು. ನಾವು ಕ್ಲಾಸಿನ ಹೆಂಗಸರು ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದೆವು. ಗಂಗಾದೇವಿ ನನ್ನ ಕೈಯನ್ನು ಬಳೆ ಒಡೆಯುವಷ್ಟು ಬಿಗಿಯಾಗಿ ಹಿಡಿದಿದ್ದಳು.

"ಅಕ್ಕಾ, ಬಂದ್ರೂ ಕಷ್ಟ, ಬರದಿದ್ರೂ ಕಷ್ಟ ಅಲ್ರೀ" ಎಂದಳು ಕಿವಿಯಲ್ಲಿ.

ಅಕ್ಕಯ್ಯಮ್ಮನವರಿಗೆ ಹಳದಿ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದರು. ಬ್ಯಾಟರಾಯಪ್ಪನವರು ಎದುರಿಗೆ ಕೂತರು. ರಾಮಕೃಷ್ಣಪ್ಪನವರು ಅಂಗೈ ಮೇಲೆ ವೀಳ್ಯದೆಲೆ ಇಟ್ಟು ಅದರ ಮೇಲೆ ಕರ್ಪೂರ ಹಚ್ಚಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದರು: "ಇಲ್ಲಿ ಕುಂತಿರೋಳು ಏನ್ ಕೇಳುದ್ರೂ ಕೊಡ್ತೀನಿ. ಇಲ್ಲ ಅನ್ನಾಕಿಲ್ಲ." ಕರ್ಪೂರ ಉರಿದು ಮುಗಿಯುವ ತನಕ ಕೈ ಅಲ್ಲಾಡಿಸಲಿಲ್ಲ. ಆಮೇಲೆ ದಾನವ್ವನಿಗೆ ಸನ್ನೆ ಮಾಡಿದರು.

ದಾನವ್ವ ಬಂದು ಅಕ್ಕಯ್ಯಮ್ಮನವರ ಪಕ್ಕದಲ್ಲಿ ಕೂತಳು. ಅವಳು ಏನೂ ಹೇಳುವ ಮೊದಲೇ ಅಕ್ಕಯ್ಯಮ್ಮನವರು ತಿದಿಯ ಉಸಿರು ಶುರು ಮಾಡಿಬಿಟ್ಟರು. ಬುಸ್, ಬುಸ್, ಬುಸ್. ತಮಟೆಯವರು ಅದೇ ತಾಳಕ್ಕೆ ಬಾರಿಸತೊಡಗಿದರು. ಉಸಿರು ಜೋರಾದ ಹಾಗೆ ತಮಟೆ ಜೋರು, ತಮಟೆ ಜೋರಾದ ಹಾಗೆ ಉಸಿರು ಜೋರು. ನಮ್ಮ ಮೈಯ ಕೂದಲೆಲ್ಲ ನಿಂತವು. ಅಕ್ಕಯ್ಯಮ್ಮನವರ ಬೆರಳು ಸೊಟ್ಟಗಾಗತೊಡಗಿದವು. ಭುಜ ಅದುರಿತು. "ಬಂದ್ಲು, ಬಂದ್ಲು" ಎಂದು ಕಿಟಕಿಯಲ್ಲಿದ್ದವರು ಕೂಗಿದರು.

ಆ ಗದ್ದಲದಲ್ಲಿ ದಾನವ್ವ ಅವರ ಕಿವಿಯ ಹತ್ತಿರ ಬಾಯಿಟ್ಟಳು. ದಿನಾ ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲೇ, ಒಂದು ಚೂರೂ ಏರಿಸದೆ, "ಬೆರಳು ನಡಗಾಕತ್ತಾವ, ನೋಡ್ರಿ. ಎದಿ ಹಾರಾಕತ್ತೈತಿ, ನೋಡ್ರಿ. ಮಂದಿ ಒದರಾಕತ್ತಾರ, ಕೇಳ್ರಿ. ಉಸರು ಹೊರಗ ಬಿಡ್ರಿ. ಸಾವಕಾಶ" ಎಂದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು. ನಮ್ಮ ಮೂಲೆ ಮಣೆಗೆ ಹತ್ತಿರ ಇದ್ದದ್ದರಿಂದ ನನಗೆ ಕೇಳಿಸಿತು.

ಮೊದಲು ಏನೂ ಆಗಲಿಲ್ಲ. ಆಮೇಲೆ ಅಕ್ಕಯ್ಯಮ್ಮನವರ ಮೂಗಿನ ಸದ್ದು ತಾಳ ತಪ್ಪಿತು. ತಮಟೆಯವರು ಅದನ್ನು ಹಿಡಿಯಲು ಹೋಗಿ ತಾವೂ ತಪ್ಪಿದರು. ಒಬ್ಬೊಬ್ಬರಾಗಿ ನಿಲ್ಲಿಸಿದರು. ಉಸಿರು ಉದ್ದವಾಯಿತು. ಬೆರಳು ತೊಡೆಯ ಮೇಲೆ ಬಿಚ್ಚಿಕೊಂಡವು. ಅಷ್ಟು ಜನ ಇದ್ದ ಕೋಣೆಯಲ್ಲಿ ಬೇವಿನ ಸೊಪ್ಪು ಗಾಳಿಗೆ ಆಡುವುದು ಕೇಳಿಸುತ್ತಿತ್ತು.

ಬ್ಯಾಟರಾಯಪ್ಪನವರು ಇದೇ ಹೊತ್ತು ಎಂದು ತಿಳಿದು ಕೇಳಿದರು. "ಯಾರವ್ವ ನೀನು?"

ಅಕ್ಕಯ್ಯಮ್ಮನವರು ಕಣ್ಣು ಮುಚ್ಚಿಯೇ ಇದ್ದರು. ಹುಬ್ಬು ಸ್ವಲ್ಪ ಕೂಡಿತು, ಕತ್ತಲ ಕೋಣೆಯಲ್ಲಿ ಏನೋ ಹುಡುಕುವವರ ಹಾಗೆ. ರಾಮಕೃಷ್ಣಪ್ಪನವರು ಎರಡೂ ಕೈ ಜೋಡಿಸಿ ಮುಂದಕ್ಕೆ ಬಾಗಿದ್ದರು.

"ನಾನು ಅಕ್ಕಯ್ಯ" ಎಂದರು.

ಗುಸುಗುಸು ಎದ್ದಿತು. ಬ್ಯಾಟರಾಯಪ್ಪನವರು ಕೈ ಎತ್ತಿ ಸುಮ್ಮನಿರಿಸಿದರು. ಎಪ್ಪತ್ತು ದಾಟಿದ ಮನುಷ್ಯ, ಪದ್ಧತಿ ಅರ್ಧಕ್ಕೆ ಬಿಡುವವರಲ್ಲ. "ಎಲ್ಲಿಂದ ಬಂದೆ?"

"ನಮ್ಮೂರು ಕೋಗಿಲಿಂದ. ಇಲ್ಲಿಗ್ ಮದ್ವೆ ಮಾಡ್ಕೊಟ್ರು."

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ರಾಮಕೃಷ್ಣಪ್ಪನವರ ಕಿವಿ ಕೆಂಪಾಯಿತು. "ಅಮ್ಮ ಬರ್ನಿಲ್ವಾ?" ಎಂದು ಕೇಳಿದರು. ದನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಅಳು ಇತ್ತು.

ಅಕ್ಕಯ್ಯಮ್ಮನವರು ಈಗ ಕಣ್ಣು ತೆರೆದರು. ಗಂಡನನ್ನೇ ನೋಡಿ ಹೇಳಿದರು: "ಒಳಗೆಲ್ಲ ನೋಡ್ದೆ. ಅಮ್ಮ ಇರ್ನಿಲ್ಲ. ನಾನೇ ಇದ್ದೆ. ಇಷ್ಟ್ ದಿನ ಇದೀನಿ ಅಂತ ನಂಗೇ ತಿಳೀನಿಲ್ಲ." ಹೇಳುತ್ತ ಹೇಳುತ್ತ ಅವರ ಮುಖದ ಮೇಲೆ ಒಂದು ನಗು ಹರಡಿತು. ಹಳದಿ ಸೀರೆಗಿಂತ ಅದೇ ಹೆಚ್ಚು ಹೊಳೆಯಿತು. ದಾನವ್ವ ಅಲ್ಲೇ, ಎಲ್ಲರ ಎದುರಿಗೇ, ಮೊದಲು ತಾನೇ ಬೀಳುತ್ತೇನೆ ಎಂದು ಅಮ್ಮನಿಗೆ ಮೀಸಲಿಟ್ಟಿದ್ದ ನಮಸ್ಕಾರವನ್ನು ಅವರ ಕಾಲಿಗೆ ಮಾಡಿದಳು.

ರಾಮಕೃಷ್ಣಪ್ಪನವರು ಎದ್ದು ನಿಂತರು. "ಮುಗೀತು, ಎಲ್ಲ ಎದ್ದು ಓಗಿ. ಬೀಗದ ಕೈ ತಾರಮ್ಮ" ಎಂದರು ದಾನವ್ವನಿಗೆ.

"ಇನ್ನೊಂದು ಕೇಳಿಲ್ಲ, ಕೂತ್ಕೊ" ಎಂದರು ಬ್ಯಾಟರಾಯಪ್ಪನವರು. ಅಕ್ಕಯ್ಯಮ್ಮನವರ ಕಡೆ ತಿರುಗಿ, "ಏನ್ ಬೇಕವ್ವ ನಿಂಗೆ?"

"ಬೆಳಗ್ಗೊತ್ತು ಈ ಬಾಗ್ಲು ಆಕಿರ್ಬೇಕು. ನಾವು ಒಳಗಿರ್ಬೇಕು. ದಿನಾ."

"ಅದೆಂಗ್ ಆಯ್ತದೆ" ಎಂದರು ರಾಮಕೃಷ್ಣಪ್ಪನವರು. "ನಾನ್ ಮಾತ್ ಕೊಟ್ಟಿದ್ದು ಅಮ್ಮನ್ಗೆ."

"ಅಂಗಂತ ಏಳ್ದೇನಯ್ಯ ನೀನು? ಇಲ್ಲಿ ಕುಂತಿರೋಳು ಅಂದೆ. ಊರೆಲ್ಲ ಕೇಳೈತೆ. ಕುಂತಿರೋಳು ಯಾರು ಅಂತ ಕೇಳಿದ್ದಾಯ್ತು, ಏಳಿದ್ದೂ ಆಯ್ತು. ಅಂಗೈ ಮೇಲೆ ಕರ್ಪೂರ ಉರ್ಸಿದ್ದು ನೀನೋ ನಾನೋ?" ಬ್ಯಾಟರಾಯಪ್ಪನವರು ನಿಂಬೆಹಣ್ಣನ್ನು ಕೊಯ್ದು ಎರಡು ಹೋಳನ್ನೂ ಅಕ್ಕಯ್ಯಮ್ಮನವರ ಎರಡು ಕಡೆ ಎಸೆದರು. ಅಂದರೆ ಪದ್ಧತಿ ಮುಗಿಯಿತು, ಕೊಟ್ಟ ಮಾತು ನಿಂತಿತು ಎಂದು ಅರ್ಥ.

ರಾಮಕೃಷ್ಣಪ್ಪನವರು ಸುಟ್ಟ ಅಂಗೈಯನ್ನು ನೋಡಿಕೊಂಡರು. ಮಾತು ತಪ್ಪಿದವರು ಎಂದು ಆ ಮನೆಯವರನ್ನು ಯಾರೂ ಅಂದದ್ದಿಲ್ಲ. ಹಾಗೇ ಹೊರಟುಹೋದರು. ಬೀಗದ ಕೈ ಕೇಳಲಿಲ್ಲ.

ಆದರೂ ಮರುದಿನ ಏನಾಗುತ್ತದೋ ಎಂದು ನಮಗೆ ಅಳುಕು. ಬೆಳಿಗ್ಗೆ ತಾಟು ಸುತ್ತಿಕೊಂಡು ಹೋದರೆ ಭಜನೆ ಮನೆಯ ಮುಂದೆ ಆಗಲೇ ಜನ. ಹತ್ತಿರ ಹೋಗಿ ನೋಡಿದರೆ ಎಲ್ಲ ಹೆಂಗಸರು. ಅಮ್ಮನನ್ನು ನೋಡಲು ಬಂದಿದ್ದವರೇ, ಈಗ ಕಂಕುಳಲ್ಲಿ ಚಾಪೆ. ಅಬ್ಬಿಗೆರೆಯ ಆ ಸೊಸೆಯೂ ಇದ್ದಳು.

"ನಂ ಒಳೀಕೆ ಯಾರವ್ರೆ ಅಂತ ನಾವೂ ನೋಡ್ಬೇಕು" ಎಂದಳೊಬ್ಬಳು ಮುದುಕಿ ದಾನವ್ವನಿಗೆ. "ಮಂಡಿ ಬಗ್ಗಾಕಿಲ್ಲ. ಆಯ್ತದಾ?"

"ಮಂಡಿ ಬಿಡ್ರಿ ಅಜ್ಜಿ. ಕಣ್ ಮುಚ್ಚಾಕ ಬರತೈತಿಲ್ಲೋ?" ಎಂದಳು ದಾನವ್ವ.

ಒಳಗೆ ಜಾಗ ಸಾಲದೆ ಒಬ್ಬರ ಮೊಣಕಾಲು ಇನ್ನೊಬ್ಬರ ಬೆನ್ನಿಗೆ. ಆಮೇಲೆ ಎರಡು ತಂಡ ಮಾಡಿಕೊಂಡೆವು. ಎಂಬತ್ತಾರರಲ್ಲಿ ವೀರಬಸಪ್ಪನಿಗೆ ಊರ ಕಡೆ ಕೆಲಸ ಸಿಕ್ಕಿ ಅವರು ಹೊರಡುವ ತನಕ ದಾನವ್ವ ಅಲ್ಲೇ ಕಲಿಸಿದಳು. ಅವಳು ಹೋದ ಮೇಲೆ ಅಕ್ಕಯ್ಯಮ್ಮನವರು ಕೂರಿಸುತ್ತಿದ್ದರು. ಸಪ್ಲಮ್ಮ ಆ ಮನೆಯಲ್ಲಿ ಮತ್ತೆ ಯಾರ ಮೈಮೇಲೂ ಬರಲಿಲ್ಲ. ಬಂದರೆ ಹೆಸರು ಕೇಳಲು ಬ್ಯಾಟರಾಯಪ್ಪನವರು ಬಹಳ ದಿನ ಕಾದರು.

ಆ ಶನಿವಾರದ ಮಾತು ಒಂದು ಉಳಿದಿದೆ. ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದಾಗ ಹೊರಗೆ ಗಂಡಸರ ಸದ್ದು ಕೇಳಿಸಿತು. ಯಾ​ರೋ ಕಿಟಕಿಯ ಕಡೆ ಬರುತ್ತಿದ್ದರು. ಅಷ್ಟರಲ್ಲಿ ಜಗಲಿಯ ಮೇಲಿಂದ ರಾಮಕೃಷ್ಣಪ್ಪನವರ ಕೆಮ್ಮು. ಅವರು ಯಾವಾಗ ಬಂದು ಕೂತಿದ್ದರೋ ನಮಗೆ ಗೊತ್ತಿಲ್ಲ.

"ಆ ಕಡೆ ಓಗ್ರಯ್ಯ. ಇಲ್ಲೇನ್ ಕೆಲ್ಸ ನಿಮ್ಗೆ?"

"ಒಳಗೆ ಏನ್ ನಡೀತೈತೆ ಯಜಮಾನ್ರೆ? ಅಮ್ಮ ಬಂದವ್ಳಾ?"

ರಾಮಕೃಷ್ಣಪ್ಪನವರು ಹೆಂಡತಿಯನ್ನು ಲೇ ಎಂದೋ ಇವಳೇ ಎಂದೋ ಕರೆಯುವವರು, ಹೆಸರು ಹಿಡಿದದ್ದನ್ನು ನಾವ್ಯಾರೂ ಕೇಳಿರಲಿಲ್ಲ.

"ಅಮ್ಮ ಇಲ್ಲ" ಎಂದರು. "ಒಳಗೆ ನಮ್ಮ ಅಕ್ಕಯ್ಯ ಅವ್ಳೆ."